ಒಲೆ ಹೆಚ್ಚಿದ ಮನೆ

ಬಿಸಿಲಿನ ಬಾಯಿಂದ ತಪ್ಪಿಸಿಕೊಂಡು ಓಡಿದವರಿಗೆ ಚಳಿಯ ಬಾಯಿ ತೆರೆದೇ ಇತ್ತು. ನಡುವೆ ಇದ್ದದ್ದು ಒಂದು ಸಮುದ್ರ, ಎರಡು ವರ್ಷ.

ರಾಯಚೂರು ಸೀಮೆಯಲ್ಲಿ ಬಳೆದಿನ್ನಿ ಅಂತ ಒಂದು ಊರಿತ್ತು. ಎಲ್ಲಿ ಅಗೆದರೂ ಹಳೇ ಕಾಲದ ಬಳೆಚೂರು ಸಿಗುವ ಊರು. ಅಲ್ಲಿ ಒಂದು ಬೇಸಿಗೆಯಲ್ಲಿ ಬೆವರು ಆರುವುದನ್ನೇ ನಿಲ್ಲಿಸಿಬಿಟ್ಟಿತು. ಬಿಸಿಲಿಗೆ ಸಾಯುವುದು ಆ ಸೀಮೆಗೆ ಹೊಸದಲ್ಲ, ಆದರೆ ಇದು ಬೇರೆ. ಗಾಳಿಯ ತುಂಬ ಒದ್ದೆ ತುಂಬಿಕೊಂಡು, ಮೈಮೇಲಿನ ಬೆವರು ಮೈಮೇಲೇ ಉಳಿದು, ಒಳಗಿನ ಕಾವಿಗೆ ಹೊರಹೋಗುವ ದಾರಿಯೇ ಇಲ್ಲದೆ, ಗಟ್ಟಿಮುಟ್ಟಾದವರು ನೆರಳಲ್ಲಿ ಕೂತಲ್ಲೇ ಬೆಂದುಹೋದರು. ಹುಲಿಗೆಮ್ಮನ ಅವ್ವ ತಲೆಗೆ ಒದ್ದೆ ಸೆರಗು ಹಾಕಿಕೊಂಡು, "ಒಂಚೂರು ಕುಂದ್ರತೀನಿ ತಡಿ" ಅಂತ ಬೇವಿನ ಕಟ್ಟೆಯ ಮೇಲೆ ಕೂತವಳು ಏಳಲೇ ಇಲ್ಲ. ಆಮೇಲೆ ಉಳಿದವರೆಲ್ಲ, ನಾನೂರ ಹನ್ನೆರಡು ಮನೆಯವರು, ಊರು ಬಿಟ್ಟರು. ಹಳೇ ಸರಕು ಹಡಗುಗಳನ್ನು ಒಂದಕ್ಕೊಂದು ಕಟ್ಟಿ ಮಾಡಿದ ತೇಲುಶಿಬಿರದಲ್ಲಿ ಎರಡು ವರ್ಷ ಕೊಳೆತು, ಕೊನೆಗೆ ಭೂಮಿಯ ನೆತ್ತಿಯ ಹತ್ತಿರದ ಸ್ಕಾರ್ವಿಕ್ ಎಂಬ ಊರಿನ ಏಳನೆಯ ಬಡಾವಣೆಗೆ ಬಂದು ಬಿದ್ದರು.

ಹುಲಿಗೆಮ್ಮನಿಗೆ ಉಳಿದವಳು ಆಯಿ ಒಬ್ಬಳೇ, ಅವ್ವನ ಅವ್ವ, ಬಳೆಗಾರ ಶರಣವ್ವ. ಗಂಡ ಹೋದ ಮೇಲೂ, ಬಳೆ ಮಾರುವವಳ ಕೈ ಬರಿದಾಗಿರಬಾರದು ಅಂತ ಹಸಿರು ಗಾಜಿನ ಬಳೆ ತೊಟ್ಟೇ ಊರೂರು ತಿರುಗಿದ ಗಟ್ಟಿಗಿತ್ತಿ. ಹಡಗು ಹತ್ತುವಾಗ ಎಲ್ಲರೂ ಕಾಗದಪತ್ರ, ಬಂಗಾರ ಹಿಡಿದುಕೊಂಡರೆ ಈಕೆ ಹೆಗಲಿಗೆ ಬಳೆಯ ಮಲಾರ ಏರಿಸಿಕೊಂಡಳು. ದಾರಿಯಲ್ಲಿ ಮುಕ್ಕಾಲು ಪಾಲು ಒಡೆದವು.

"ಹೆಚ್ಚಿದ್ವು ಬಿಡವಾ," ಅಂದಳು ಆಯಿ, ಚೂರುಗಳನ್ನು ಸೆರಗಿಗೆ ತುಂಬಿಕೊಳ್ಳುತ್ತ.

ಬಳೆಗಾರರ ಬಾಯಲ್ಲಿ ಬಳೆ ಯಾವತ್ತೂ ಒಡೆಯುವುದಿಲ್ಲ. ಹೆಚ್ಚುತ್ತದೆ.

*

ಸ್ಕಾರ್ವಿಕ್‌ನಲ್ಲಿ ಕಾವು ಎಂದರೆ ಪಡಿತರ. ಸಮುದ್ರದ ತಳದ ನೀರಿನಿಂದ ಒಂದು ದೊಡ್ಡ ಯಂತ್ರ ಕಾವು ಹೀರಿ ಕೊಳವೆಗಳಲ್ಲಿ ಮನೆಮನೆಗೆ ಕಳಿಸುತ್ತಿತ್ತು. ಕೊಳವೆ ಬಂದು ಸೇರುವ ಕಬ್ಬಿಣದ ಪೆಟ್ಟಿಗೆಯನ್ನು ಬಳೆದಿನ್ನಿಯವರು ಒಲೆ ಅನ್ನುತ್ತಿದ್ದರು. ಅದು ಎಲ್ಲರಿಗೂ ಸಾಲುವಷ್ಟಿಲ್ಲದ್ದರಿಂದ ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ ಎಂದು ದಿನವೂ ಹಂಚಬೇಕು. ಮೊದಲು ಮನೆಮನೆಗೆ ಉಷ್ಣಮಾಪಕ ಇಟ್ಟಿದ್ದರಂತೆ. ಮೊದಮೊದಲು ಬಂದ ವಲಸಿಗರು ಜಾಣರು, ಮಾಪಕಕ್ಕೆ ಹಿಮದ ಗಡ್ಡೆ ಒತ್ತಿ ಹಿಡಿದು ಪಕ್ಕದವರ ಪಾಲಿನ ಕಾವನ್ನೂ ತಮ್ಮ ಕಡೆಗೆ ಎಳೆದುಕೊಂಡರು. ಆಗ ಅಲ್ಲಿನ ವಿಜ್ಞಾನಿಗಳಿಗೆ ಒಂದು ಯೋಚನೆ ಬಂತು: ಮನುಷ್ಯ ಅಧಿಕಾರಿಯ ಮುಂದೆ ಸುಳ್ಳು ಹೇಳಿಯಾನು, ತನ್ನ ಮನೆಯಲ್ಲಿ ತನ್ನವರ ಹತ್ತಿರ ಗೊಣಗುವಾಗ ಹೇಳುವುದಿಲ್ಲ.

ಅಲ್ಲಿಂದ ಪ್ರತಿ ಮನೆಯ ಗೋಡೆಗೂ ಅಂಗೈಯಗಲದ ಒಂದು ಬಿಳಿ ಬಿಲ್ಲೆ ಬಂತು. ನಲವತ್ತು ಭಾಷೆ ಬಲ್ಲ ಯಂತ್ರ ಅದರಲ್ಲಿ ಕೂತು ಮನೆಮಾತು ಕೇಳಿಸಿಕೊಳ್ಳುತ್ತಿತ್ತು. ಚಳಿ, ಹಸಿವು, ರೋಗ, ಮನೆಯ ಜನರ ಲೆಕ್ಕ, ಈ ನಾಲ್ಕರ ಮಾತು ಬಂದರೆ ಮಾತ್ರ ಬರೆದುಕೊಳ್ಳುವುದು. ಏನು ಇಲ್ಲವೋ ಅದನ್ನು ಕಳಿಸುವುದು. ತನಗೇ ಕೇಳಲಿ ಅಂತ ಆಡಿದ ಮಾತನ್ನು ಅದು ದನಿಯಲ್ಲೇ ಗುರುತು ಹಿಡಿದು 'ಕಲಿಸಿದ ಮಾತು' ಎಂದು ಪಕ್ಕಕ್ಕಿಡುತ್ತಿತ್ತು. ಮನೆಮಾತಿಗೂ ಕಾಗದಕ್ಕೂ, ಮನೆಮಾತಿಗೂ ಉಷ್ಣಮಾಪಕಕ್ಕೂ ಜಗಳ ಬಂದರೆ ಗೆಲ್ಲುವುದು ಮನೆಮಾತೇ. ಅದು ನಿಯಮ.

"ಗ್ವಾಡಿಗೂ ಕಿವಿ ಇರ್ತಾವ ಅಂತಿದ್ವಿ," ಅಂದಿದ್ದಳು ಆಯಿ ಬಂದ ದಿನವೇ, ಬಿಲ್ಲೆಯನ್ನು ಮೂಸಿ ನೋಡಿ. "ಇವ್ರು ಖರೇನ ಹಚ್ಚಿಬಿಟ್ಟಾರಲ್ಲ! ಓಲೆ ಹಾಕೂಣೇನು ಇದಕ್ಕ?"

ಹುಲಿಗೆಮ್ಮನಿಗೆ ಕೆಲಸ ಸಿಕ್ಕಿದ್ದೂ ಈ ಕಿವಿಯ ದೆಸೆಯಿಂದಲೇ. ಎರಡು ಭಾಷೆ ಬಲ್ಲವಳು ಅಂತ ಆಲಿಕೆ ಕೇಂದ್ರಕ್ಕೆ ತೆಗೆದುಕೊಂಡರು. ಯಂತ್ರಕ್ಕೆ ಅರ್ಥವಾಗದ ಕನ್ನಡದ ಮಾತು ಬಂದರೆ ಅದನ್ನು ಬಿಡಿಸಿ ಹೇಳುವುದು ಅವಳ ಪಾಲಿನ ಕೆಲಸ. 'ಹೊಟ್ಟಿಗೆ ತಣ್ಣೀರು ಬಟ್ಟಿ' ಅಂದರೆ ಒದ್ದೆ ಬಟ್ಟೆಯಲ್ಲ, ಹಸಿವು ಅಂತ ಬರೆದುಕೊಟ್ಟ ದಿನ ಮೇಲಧಿಕಾರಿ ಮಾರಿಟ್ ಅವಳ ಬೆನ್ನು ತಟ್ಟಿದ್ದಳು.

"ಏನಂದಿ, ನಿಮ್ಮ ಸಾಹೇಬ್ತಿ ಹೆಸರು ಮಾರಿ ಏನ?" ಆಯಿ ಕಣ್ಣರಳಿಸಿದ್ದಳು. "ಚಲೋ ನೋಡ್ಕೋ ಆಕೀನ. ಕ್ವಾಣ ಬೇಡಿದ್ರ ಎಲ್ಲಿಂದ ತರೂದು ಈ ಐಸದಾಗ?"

*

ಒಂದು ಶನಿವಾರ ಬಂದ ಪಡಿತರದ ಚೀಲದಲ್ಲಿ ಆಲೂಗಡ್ಡೆ ಇತ್ತು, ಎಣ್ಣೆ ಇತ್ತು, ಅಕ್ಕಿ ಇರಲಿಲ್ಲ. ಮೇಲೊಂದು ಚೀಟಿ: ನಿಮ್ಮ ಮನೆಯಲ್ಲಿ ಅಕ್ಕಿ ಸಾಕಷ್ಟಿದೆ.

ಹುಲಿಗೆಮ್ಮ ಡಬ್ಬಿ ಬಗ್ಗಿಸಿ ನೋಡಿದಳು. ತಳದಲ್ಲಿ ನಾಲ್ಕು ಕಾಳು.

"ಆಯೀ, ಅಕ್ಕಿ ಬಗ್ಗೆ ಏನಂದಿದ್ದಿ ನೀನು?"

"ಏನಂತೀನಿ? ಮೊನ್ನೆ ಡಬ್ಬಿ ತೆಗದಾಗ, ಅಕ್ಕಿ ಹೆಚ್ಚ್ಯಾವ ನೋಡವಾ ಅಂದೆ. ನಿನಗ ಹೇಳಿದ್ದು. ನೀ ಕೇಳಿಸಿಕೊಳ್ಳಲಿಲ್ಲ."

ಹುಲಿಗೆಮ್ಮ ಮೊದಲು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಅವಳು ಕೇಳಿಸಿಕೊಂಡಿರಲಿಲ್ಲ, ಗೋಡೆ ಕೇಳಿಸಿಕೊಂಡಿತ್ತು.

"ಮುಗದಾವ ಅನ್ನಬೇಕು ಆಯಿ. ಅಕ್ಕಿ ಮುಗದಾವ."

"ಥೂ! ಬಿಡ್ತು ಅನ್ನು!" ಆಯಿ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. ಬಳೆ ಗಿಲಕ್ಕೆಂದವು. "ಬಿಡ್ತು ಅನ್ನು ಮೊದಲ."

"ಬಿಡ್ತು. ಆದ್ರ ಯಾಕ ಅನ್ನಬಾರದು, ಅದನ್ನರ ಹೇಳು."

"ಸಣ್ಣಾಕಿ ಇದ್ದಾಗ ನೂರು ಸಲ ಹೇಳೀನಿ. ಲಕ್ಷ್ಮಿಗೆ ಒಬ್ಬಾಕಿ ಅಕ್ಕ ಇದ್ದಾಳ. ಒಣಗಿದ ಮೈ, ಕೆದರಿದ ಕೂದಲ. ಆಕಿ ಪ್ರತಿ ಮನಿ ಬಾಗಿಲದ ಹಿಂದ ಉಸಿರು ಹಿಡಕೊಂಡು ನಿಂತಿರ್ತಾಳ. ಒಳಗಿನವ್ರು ಮುಗೀತು ಅಂದ್ರ ಸಾಕು, ಓಹೋ ಇದು ನನ್ನ ಮನಿ, ನನ್ನನ್ನ ಕರೆದ್ರು ಅಂತ ಒಳಗ ಬಂದು ಕುಂತುಬಿಡ್ತಾಳ. ಅದಕ್ಕ ಅಕ್ಕಿ ತೀರಿದ್ರ ಹೆಚ್ಚ್ಯಾವ. ಎಣ್ಣಿ ತೀರಿದ್ರ ಹೆಚ್ಚೇತಿ. ಒಲಿ ತಣ್ಣಗಾದ್ರ ಒಲಿ ಹೆಚ್ಚಿತು. ಆಕಿ ಕೇಳಿ, ಅಯ್ಯ ಇಲ್ಲಿ ಎಲ್ಲಾ ತುಂಬಿ ತುಳುಕ್ಯಾಡಕ್ಕತ್ತೇತಿ ಅಂತ ಮುಂದಿನ ಮನಿಗೆ ಹೋಗ್ತಾಳ."

ಬಿಲ್ಲೆಯ ಮೇಲಿನ ಪುಟ್ಟ ಕೆಂಪು ದೀಪ ಮಿಣುಕಿತು. ಬರೆದುಕೊಂಡಿತೋ ಬಿಟ್ಟಿತೋ ತಿಳಿಯಲಿಲ್ಲ. ಆ ವಿಜ್ಞಾನಿಗಳು ಎಲ್ಲಿ ತಪ್ಪಿದರು ಅಂತ ಹುಲಿಗೆಮ್ಮನಿಗೆ ಆಗ ಹೊಳೆಯಿತು. ಮನೆಯೊಳಗೆ ತಮ್ಮವರೇ ಇರುವಾಗ ಮನುಷ್ಯ ಬಾಯಿ ಕಾಯುವುದಿಲ್ಲ ಅಂತ ಅವರು ನಂಬಿದ್ದರು. ಬಳೆದಿನ್ನಿಯವರು ಒಂದು ದಿನವೂ ತಮ್ಮವರಷ್ಟೇ ಇರುವ ಮನೆಯಲ್ಲಿ ಇದ್ದವರಲ್ಲ. ಬಾಗಿಲ ಹಿಂದೆ ಯಾವಾಗಲೂ ಒಬ್ಬಳು ನಿಂತಿದ್ದಳು.

*

ಮರುದಿನ ಕೇಂದ್ರಕ್ಕೆ ಹೋದವಳೇ ಹುಡುಕಿದಳು. ಆ ಮಾತು ಅವಳ ಮೇಜಿಗೆ ಒಂದು ಸಲವೂ ಬಂದಿರಲಿಲ್ಲ. ಬರುವುದಾದರೂ ಹೇಗೆ? ಅರ್ಥವಾಗದ ಮಾತು ಮಾತ್ರ ಅವಳ ಬಳಿ ಬರುತ್ತಿತ್ತು, ಇದು ಯಂತ್ರಕ್ಕೆ ಚೆನ್ನಾಗಿ ಅರ್ಥವಾಗಿಬಿಟ್ಟಿತ್ತು.

ಪದಕೋಶದಲ್ಲಿ ಹೊಸ ಸಾಲು ತೆರೆದು ಬರೆದಳು: ಹೆಚ್ಚಿತು, ಕೆಲವೊಮ್ಮೆ 'ತೀರಿತು, ಆರಿತು' ಎಂಬ ಅರ್ಥ. ಒತ್ತುವ ಮೊದಲು ಪರದೆ ಒಂದು ಪ್ರಶ್ನೆ ಕೇಳಿತು: 'ಈ ಪದವನ್ನು ಆಧರಿಸಿದ ಆಶ್ರಯ ಹೇಳಿಕೆಗಳು ೪೧೨. ಮುಂದುವರಿಯಲೇ?'

ಅವಳಿಗೆ ಅರ್ಥವಾಗಲಿಲ್ಲ. ಮಾರಿಟ್‌ಳನ್ನು ಕರೆದಳು.

ಮಾರಿಟ್ ಐವತ್ತು ದಾಟಿದ ಹೆಂಗಸು, ಸದಾ ನಿದ್ದೆಗೆಟ್ಟ ಮುಖ, ಮಾತು ಮೆತ್ತಗೆ. ಬಾಗಿ ಓದಿ, ಕುರ್ಚಿ ಎಳೆದುಕೊಂಡು ಕೂತಳು. "ಊರು ಬಿಟ್ಟದ್ದು ಯಾಕೆ ಅಂತ ನಿಮ್ಮವರನ್ನೆಲ್ಲ ಹಡಗಿನಲ್ಲಿ ಕೇಳಿದ್ದರಲ್ಲ, ಆಗ ಏನು ಹೇಳಿದಿರಿ?"

ಹುಲಿಗೆಮ್ಮ ನೆನಪಿಸಿಕೊಂಡಳು. ಎಲ್ಲರೂ ಹೇಳಿದ್ದು ಒಂದೇ ಮಾತು. ಬಿಸಿಲು ಹೆಚ್ಚಿತು, ಅದಕ್ಕೆ ಬಂದೆವು.

"ಒಳ್ಳೆಯದು ತೀರಿದರೆ ಹೆಚ್ಚಿತು ಅಂತೇವೆ. ಬಿಸಿಲು ಹೆಚ್ಚಿತು ಅಂದರೆ ಹೆಚ್ಚಿತು ಅಂತಲೇ," ಅಂದಳು. "ಯಾರಿಗಾದರೂ ಗೊತ್ತಾಗುತ್ತದೆ."

"ಯಾರಿಗಾದರೂ ಗೊತ್ತಾಗುತ್ತದೆ," ಮಾರಿಟ್ ತಲೆಯಾಡಿಸಿದಳು. "ಇದಕ್ಕೆ ಗೊತ್ತಾಗುವುದಿಲ್ಲ. ಒಂದು ಪದಕ್ಕೆ ತದ್ವಿರುದ್ಧ ಎರಡು ಅರ್ಥ ಉಂಟು ಎಂದಾದರೆ ಆ ಪದದ ಮೇಲೆ ನಿಂತ ಹೇಳಿಕೆಗಳೆಲ್ಲ 'ಅನಿಶ್ಚಿತ' ಅಂತ ಹಿಂದಕ್ಕೆ ಹೋಗುತ್ತವೆ. ಮತ್ತೆ ವಿಚಾರಣೆ. ಅದಕ್ಕೆ ಸರದಿ ಮೂರು ವರ್ಷ. ಅಲ್ಲಿಯವರೆಗೆ ನಿಮ್ಮವರು ಇಲ್ಲಿರುವ ಹಾಗಿಲ್ಲ."

"ಎಲ್ಲಿರಬೇಕು?"

ಮಾರಿಟ್ ಕಿಟಕಿಯ ಕಡೆ ನೋಡಿದಳು. ಕಿಟಕಿಯಾಚೆ ಕಡಲು. ತೇಲುಶಿಬಿರದ ಕೆಳಗಿನ ಅಂತಸ್ತು, ತುಕ್ಕಿನ ವಾಸನೆ, ಎರಡು ವರ್ಷದಲ್ಲಿ ಕಡಲಿಗೆ ಬಿಟ್ಟ ಅರವತ್ತು ಹೆಣ ಹುಲಿಗೆಮ್ಮನ ಕಣ್ಣ ಮುಂದೆ ಬಂದವು.

"ಹನ್ನೊಂದು ದಿನಕ್ಕೆ ನಿಮ್ಮ ಬಡಾವಣೆಗೆ ಕಾಯಂ ನಿವಾಸದ ಪತ್ರ ಆಗುತ್ತದೆ," ಅಂದಳು ಮಾರಿಟ್. "ಆದಮೇಲೆ ಯಾವ ಪದ ಬೇಕಾದರೂ ಬರಿ. ಯಾರೂ ಕೇಳುವುದಿಲ್ಲ. ನಾನು ಈಗ ಏನನ್ನೂ ನೋಡಿಲ್ಲ."

ಹುಲಿಗೆಮ್ಮ ಆ ಸಾಲನ್ನು ಅಳಿಸಿದಳು. ಹನ್ನೊಂದು ದಿನ ತಾನೇ. ಅಷ್ಟು ದಿನ ಊರಿನವರ ಬಾಯನ್ನು ತಿದ್ದಿದರಾಯಿತು.

*

ಮನೆಮನೆಗೆ ಹೋದಳು. ಗೋಡೆಗೆ ಕೇಳದ ಹಾಗೆ ಹೊಸ್ತಿಲಾಚೆ, ಹಿಮದಲ್ಲಿ ನಿಲ್ಲಿಸಿ ಹೇಳಿದಳು: ಇಲ್ಲದ್ದನ್ನು ಇಲ್ಲ ಅನ್ನಿ. ತೀರಿದ್ದನ್ನು ತೀರಿತು ಅನ್ನಿ. ಅಭ್ಯಾಸ ಮಾಡಿದ ದನಿ ಬೇಡ, ಸಹಜವಾಗಿ ಅನ್ನಿ.

ಹುಡುಗರು, ಹರೆಯದವರು ಒಂದೇ ದಿನಕ್ಕೆ ಕಲಿತರು. ಮುದುಕಿಯರದ್ದೇ ಪಜೀತಿ.

"ನಮ್ಮವ್ವ ಅರವತ್ತು ವರ್ಷದಾಗ ಗಂಡನ ಹೆಸರು ಹೇಳಿದಾಕಿ ಅಲ್ಲ," ಪಕ್ಕದ ಮನೆಯ ಅಮರೇಶ ಗಹಗಹಿಸಿ ನಕ್ಕ. ಅವನು ಕಡಲಂಚಿನ ಕಾವಿನ ಯಂತ್ರದಲ್ಲಿ ಕೂಲಿ. "ಈಗ ಒಲಿ ಆರಿತು ಅನ್ನಾಕಿ ಏನು? ಒಯ್ದು ಸರ್ಕಾರಕ್ಕ ಹೇಳು, ತಂಗಿ, ನಮ್ಮ ಮುದುಕೇರಿಗೆ ಚಳೀನ ಆಗಂಗಿಲ್ಲ ಅಂತ."

"ಏ ಹೋಗಲೇ," ಒಳಗಿಂದ ಅವನ ಅವ್ವ ಕೂಗಿದಳು. ಅವಳಿಗೆ ಕಣ್ಣು ಮಂಜು, ಕಿವಿ ಚುರುಕು. "ನಿಮ್ಮಪ್ಪನ ಹೆಸರು ಹೇಳಿದ್ರ ಎದ್ದು ಬಂದಾನು ಅಂತ ಹೇಳಿಲ್ಲ. ನಿನ್ನಂಥವರು ಇನ್ನ ನಾಕು ಹುಟ್ಟಿದ್ರ ಏನು ಗತಿ?"

ಮನೆಗೆ ಬಂದು ಇದನ್ನು ಹೇಳಿದಾಗ ಆಯಿ ಮಾತ್ರ ನಗಲಿಲ್ಲ. ಕೌದಿ ಹೊದ್ದು ಗೋಡೆಗೆ ಒರಗಿ ಕೈಬಳೆಗಳನ್ನು ಒಂದೊಂದಾಗಿ ತಿರುಗಿಸುತ್ತ ಕೂತಳು.

"ಒಂದ ಸಲ ಅಂದೀನಿ ನಾನು," ಅಂದಳು ಆಮೇಲೆ. "ನಿಮ್ಮವ್ವ ಹೋದ ದಿನ. ಫ್ಯಾನು ನಿಂತಿತ್ತು. ಬಾಯಿ ತಪ್ಪಿ, ಕರೆಂಟು ಹೋತು ಅಂದೆ. ಹೆಚ್ಚಿತು ಅನ್ನಬೇಕಿತ್ತು. ಅಂದು ಹೊರಗ ಬಂದು ನೋಡಿದ್ರ ಕಟ್ಟಿ ಮ್ಯಾಲ ಆಕಿ..."

"ಆಯಿ, ಅದಕ್ಕೂ ಇದಕ್ಕೂ..."

"ಗೊತ್ತೈತಿ ಬಿಡವಾ. ನಾನು ದಡ್ಡಿ ಅಲ್ಲ." ಆಯಿ ಅವಳ ಗಲ್ಲ ಸವರಿದಳು. "ಹನ್ನೊಂದು ದಿನ ಹೌದಲ್ಲೋ? ಅಂತೀನಿ. ನಿನ್ನ ಸಲುವಾಗಿ ಅಂತೀನಿ."

*

ಒಂಬತ್ತನೆಯ ದಿನ ಹಿಮಗಾಳಿ ಎದ್ದಿತು.

ಆಲಿಕೆ ಕೇಂದ್ರವಿದ್ದದ್ದು ಕಡಲಿನ ಕೊಲ್ಲಿಯ ಆಚೆ ದಡದಲ್ಲಿ. ದೋಣಿ ನಿಂತಿತು, ಕೆಲಸಕ್ಕೆ ಬಂದವರು ಅಲ್ಲೇ ಸಿಕ್ಕಿಬಿದ್ದರು. ಫೋನುಗಳು ಗಾಳಿಗೆ ಸತ್ತವು, ಬಿಲ್ಲೆಗಳ ತಂತಿ ಮಾತ್ರ ಕಡಲಡಿಯಲ್ಲಿ ಬದುಕಿತ್ತು. ಕಡಲಿನ ಬಾಯಿಗೆ ಮಂಜುಗಡ್ಡೆ ಕಟ್ಟಿ ಕಾವಿನ ಯಂತ್ರ ಅರ್ಧಕ್ಕಿಳಿಯಿತು. ಬಡಾವಣೆಯಲ್ಲಿ ಕೈಕಾಲು ಗಟ್ಟಿ ಇದ್ದವರನ್ನೆಲ್ಲ, ಅಮರೇಶನನ್ನೂ ಸೇರಿಸಿ, ಗಡ್ಡೆ ಒಡೆಯಲು ಕರೆದೊಯ್ದಿದ್ದರು. ಉಳಿದವರ ಬಾಗಿಲು ಹಿಮದಲ್ಲಿ ಅರ್ಧ ಹೂತುಹೋಗಿತ್ತು.

ಇದ್ದ ಅರ್ಧ ಕಾವನ್ನು ಆಲಿಕೆಯ ಯಂತ್ರ ಮನೆಮಾತಿನ ಮೇಲೆ ಹಂಚತೊಡಗಿತು. ಸಾಲದು ಅಂದವರಿಗೆ ಕೊಟ್ಟಿತು, ಸಾಕು ಅಂದವರಿಂದ ತೆಗೆಯಿತು.

ಕೇಂದ್ರದ ಗೋಡೆಯ ತುಂಬ ಗಾಜಿನ ಹಲಗೆ. ಅದರ ಮೇಲೆ ಒಂದೊಂದು ಮನೆಗೆ ಒಂದೊಂದು ಚುಕ್ಕೆ. ಬೆಚ್ಚಗಿದ್ದರೆ ಕುಂಕುಮ ಬಣ್ಣ, ತಣ್ಣಗಾದರೆ ನೀಲಿ. ಹಗಲು ಹನ್ನೊಂದರ ಹೊತ್ತಿಗೆ ನೂರ ಹದಿನೇಳನೆಯ ಚುಕ್ಕೆ ಮಾಸತೊಡಗಿದ್ದನ್ನು ಹುಲಿಗೆಮ್ಮ ನೋಡಿದಳು. ಅವಳದೇ ಮನೆ. ಬೇರೆ ಮನೆಗಳಲ್ಲಿ ನೇರ ಮಾತು ಕಲಿತ ಹುಡುಗರಿದ್ದರು, ಅಲ್ಲಿ ಆಯಿ ಒಬ್ಬಳೇ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡಳು. ಕೇಂದ್ರದಿಂದ ಕೇಳಲು ಬರುತ್ತಿತ್ತು, ಮಾತಾಡಲು ಬರುತ್ತಿರಲಿಲ್ಲ. ಗೋಡೆಗೆ ಕಿವಿ ಇಟ್ಟವರು ಬಾಯಿ ಇಟ್ಟಿರಲಿಲ್ಲ.

ಆಯಿಯ ದನಿ ಕೇಳಿತು, ಶಾಲೆಯ ಮಗು ಪಾಠ ಒಪ್ಪಿಸುವ ಹಾಗೆ ದೊಡ್ಡದಾಗಿ, ಬಿಡಿಸಿ ಬಿಡಿಸಿ: "ಒಲೆ, ಆರಿದೆ. ಒಲೆ, ಆರಿದೆ."

ಪರದೆಯ ಮೇಲೆ ಸಾಲು ಮೂಡಿತು: 'ಕಲಿಸಿದ ಮಾತು. ಬಿಡಲಾಗಿದೆ.'

ಹೇಳಿದ್ದಳು. ಮಾತು ಕೊಟ್ಟ ಹಾಗೆ ಆಯಿ ಹೇಳಿದ್ದಳು. ಮೂರು ಸಲ, ನಾಲ್ಕು ಸಲ. ನಾಲ್ಕು ಸಲವೂ ಬಿಡಲಾಗಿದೆ. ಆಮೇಲೆ ಒಂದಿಷ್ಟು ಹೊತ್ತು ಬಳೆಯ ಸದ್ದು, ಕೌದಿ ಎಳೆದುಕೊಂಡ ಸದ್ದು. ಆಮೇಲೆ ಮುದುಕಿ ಯಾವಾಗಲೂ ಮಾಡುವಂತೆ ಸತ್ತ ಮಗಳ ಜೊತೆ ಮಾತಿಗೆ ಕೂತಳು. ಅದು ಯಾರಿಗೂ ಕೇಳಲಿ ಅಂತ ಆಡುವ ದನಿಯಲ್ಲ.

"ಬಂದ್ಯಾ ನನ್ನವ್ವಾ? ಕುಂದ್ರು. ಏನ್ ಕೊಡಲಿ ನಿನಗ. ಒಲಿ ಹೆಚ್ಚಿತು ನೋಡು ಇವತ್ತ."

'ಗಮನಿಸಲಾಗಿದೆ. ಕಾವು ಹೆಚ್ಚು. ಇಳಿಸಲಾಗಿದೆ.'

"ಭಾಳ ಹೆಚ್ಚಿತು," ಅಂತು ದನಿ.

'ಇಳಿಸಲಾಗಿದೆ.'

ಹುಲಿಗೆಮ್ಮ ಎದ್ದು ಓಡಿದಳು. ಹೊರಬಾಗಿಲು ತೆರೆಯಲಿಲ್ಲ, ತೆರೆದಿದ್ದರೂ ನಡುವೆ ಕಡಲಿತ್ತು. ತಿರುಗಿ ಬಂದು ಮಾರಿಟ್‌ಳ ತೋಳು ಹಿಡಿದಳು. "ಕೈಯಿಂದ ಏರಿಸಲು ಆಗುತ್ತದಲ್ಲ? ಒಂದೇ ಮನೆ."

"ಆಗುತ್ತದೆ. ಕಾರಣ ಬರೆಯಬೇಕು." ಮಾರಿಟ್ ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಕೊಳವೆ ಕೆಟ್ಟಿದೆ ಅಂತ ಬರೆದರೆ ಕೊಳವೆಯೇ ಸುಳ್ಳು ಅನ್ನುತ್ತದೆ. ಮಾತು ತಪ್ಪಾಗಿ ಅರ್ಥವಾಗಿದೆ ಅಂತಲೇ ಬರೆಯಬೇಕು. ಬರೆದರೆ ಪದ ಯಾವುದು ಅಂತ ಕೇಳುತ್ತದೆ. ನೀನೇ ಹೇಳು ಹುಲಿಗಿ, ಬರೆಯುತ್ತೇನೆ."

ಹುಲಿಗೆಮ್ಮ ತಾನೇ ಕೂತು ಬರೆದಳು. ಹೆಚ್ಚಿತು, ಆರಿತು. ಪರದೆ ಹಳೆಯ ಪ್ರಶ್ನೆಯನ್ನೇ ಕೇಳಿತು. 'ಮುಂದುವರಿಯಲೇ?' ಪ್ರಶ್ನೆಯ ಕೆಳಗೆ ಮನೆಗೊಂದರಂತೆ ಹೇಳಿಕೆಗಳ ಪಟ್ಟಿ, ಒಂದೊಂದರ ಮುಂದೂ ಆ ಮನೆಯವರೆಲ್ಲರ ಹೆಸರು ಇತ್ತು. ಅಮರೇಶ, ಅವನ ಅವ್ವ, ಹಡಗಿನಲ್ಲೇ ಹುಟ್ಟಿದ ಕೂಸುಗಳು. ಅವಳು ನೂರ ಹದಿನೇಳನ್ನು ತೆರೆದಳು. ಎರಡು ವರ್ಷದ ಹಿಂದಿನ ಆಯಿ, ದನಿ ಇನ್ನೂ ಗಡುಸು:

"ಬಿಸಲು ಹೆಚ್ಚಿತು. ಮಗಳು ಹೋದ್ಲು. ಮೊಮ್ಮಗಳರ ಉಳೀಲಿ ಅಂತ ಬಂದೆ. ನಂದೇನೈತಿ, ನಾನು ಎಲ್ಲಿದ್ರೇನು."

ಒಂದು ಕಿವಿಯಲ್ಲಿ ಅದು. ಇನ್ನೊಂದರಲ್ಲಿ ಈಗಿನ ಆಯಿ ಮಗಳಿಗೆ ಕಥೆ ಹೇಳುತ್ತಿದ್ದಳು, ಮಾತು ಮಾತಿಗೂ ಹಲ್ಲು ಕಟಕಟ ಎನ್ನುತ್ತಿತ್ತು.

ಹುಲಿಗೆಮ್ಮ 'ಬೇಡ' ಒತ್ತಿದಳು.

ಯಂತ್ರವನ್ನು ಕಿವಿಯಿಂದ ತೆಗೆಯಲಿಲ್ಲ. ಕೊನೆಯವರೆಗೂ ಕೇಳಿದಳು. ಅಷ್ಟಾದರೂ ಮಾಡಬೇಕಲ್ಲ. ಕಥೆ ನಡುವೆ ನಿಂತು ನಿಂತು ಸಾಗಿತು, ಒಂದು ಕಡೆ ನಿಂತಿತು. ಚುಕ್ಕೆ ಪೂರ್ತಿ ನೀಲಿಯಾಯಿತು. ಮಾರಿಟ್ ಬಂದು ಅವಳ ಬೆನ್ನಿಗೆ ತನ್ನ ಕೋಟು ಹೊದಿಸಿ ಹೋದಳು.

*

ಮೂರನೆಯ ದಿನ ದೋಣಿ ಹೊರಟಿತು. ಅದೇ ದಿನ ಪತ್ರಗಳೂ ಬಂದವು, ಒಂದೂ ತಪ್ಪದೆ ನಾನೂರ ಹನ್ನೆರಡು. ಬಡಾವಣೆಯಲ್ಲಿ ಯಾರೋ ತಮಟೆಯ ಬದಲು ತಗಡಿನ ಡಬ್ಬಿ ಬಡಿಯುತ್ತಿದ್ದರು. ಹುಲಿಗೆಮ್ಮನನ್ನು ಕಂಡು ನಿಲ್ಲಿಸಿದರು.

ಆಯಿ ಗೋಡೆಗೆ ಒರಗಿಯೇ ಇದ್ದಳು, ಎದುರಿಗೆ ಯಾರೋ ಕೂತಿದ್ದಾರೆ ಎಂಬ ಹಾಗೆ ಕೌದಿಯ ಒಂದು ಚುಂಗನ್ನು ಮುಂದಕ್ಕೆ ಚಾಚಿ. ಸೆಟೆದ ತೋಳನ್ನು ಅಮರೇಶ ಮೆಲ್ಲಗೆ ಬಿಡಿಸುವಾಗ ಬಳೆಗಳು ಚಟ್ಟೆಂದವು. ಅವನು ಬೆಚ್ಚಿ ಹುಲಿಗೆಮ್ಮನ ಮುಖ ನೋಡಿದ.

"ಹೆಚ್ಚಿದ್ವು ಬಿಡಣ್ಣಾ," ಅಂದಳು ಅವಳು.

ಮಣ್ಣು ಮಾಡಿ ಬಂದ ಸಂಜೆ, ಅಮರೇಶನ ಅವ್ವ ಗೋಡೆ ಹಿಡಿದುಕೊಂಡು ಬಂದಳು. ಪತ್ರದ ಸಂಭ್ರಮಕ್ಕೆ ಕಲ್ಲು ಬೀಳಬಾರದು ಅಂತ ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಮಂಜುಗಣ್ಣಿನಲ್ಲಿ ಮೂಲೆಮೂಲೆ ತಡಕಿ ಕೇಳಿದಳು:

"ಶರಣವ್ವ ಎಲ್ಲಿ, ಕಾಣವಲ್ಲಳಲ್ಲ? ಪತ್ರ ಬಂತು ಅಂತ ಹೇಳಬೇಕಿತ್ತು."

ಊರಿನ ಬಾಯಿಗೆಲ್ಲ ನೇರ ಮಾತು ಕಲಿಸಿದವಳು ಹುಲಿಗೆಮ್ಮ. ನೇರ ಮಾತು ಮೂರೇ ಅಕ್ಷರದ್ದು. ಬಾಯಿ ತೆರೆದಳು. ಬಾಗಿಲ ಹಿಂದೆ ಯಾರೋ ಉಸಿರು ಹಿಡಿದು ನಿಂತ ಹಾಗಾಯಿತು.

"ಆಯಿ ಹೆಚ್ಚಿದ್ಲು, ದೊಡ್ಡವ್ವಾ."

ಮನುಷ್ಯರಿಗೆ ಯಾರೂ ಅನ್ನದ ಮಾತು. ಮುದುಕಿಗೆ ಅರ್ಥವಾಯಿತು, ಅಲ್ಲೇ ಕುಸಿದು ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. ಗೋಡೆಯ ಮೇಲೆ ಕೆಂಪು ದೀಪ ಮಿಣುಕಿತು.

ಶನಿವಾರ ಪಡಿತರ ಬಂತು. ಚೀಲ ಎಂದಿಗಿಂತ ಭಾರವಿತ್ತು. ಚೀಟಿಯಲ್ಲಿ ಬರೆದಿತ್ತು: ನಿಮ್ಮ ಮನೆಯಲ್ಲಿ ಜನ ಹೆಚ್ಚಿದ್ದಾರೆ, ಇಬ್ಬರ ಬದಲು ಮೂವರಿಗೆ ಅಕ್ಕಿ ಕಳಿಸಲಾಗಿದೆ, ಕಾವು ಏರಿಸಲಾಗಿದೆ. ಕಿಟಕಿಯ ಮಂಜು ಕರಗಿ ಹರಿಯುತ್ತಿತ್ತು. ಹುಲಿಗೆಮ್ಮನ ಕುತ್ತಿಗೆಯ ಮೇಲೆ ಬೆವರು ಮೂಡಿತು.

ಅವಳು ಅಕ್ಕಿಯನ್ನು ಡಬ್ಬಿಗೆ ಸುರಿದಳು. ಡಬ್ಬಿ ತುಂಬಿತು, ಅಂಚು ದಾಟಿ ನೆಲದ ಮೇಲೆ ಚೆಲ್ಲಿತು. ನಿಲ್ಲಿಸಬೇಕು, ಸಾಕು ಅನ್ನಬೇಕು, ಈ ಗೋಡೆಗೆ ಏನಾದರೂ ಹೇಳಬೇಕು. ಕಾಳು ಚೆಲ್ಲುತ್ತಲೇ ಇತ್ತು, ಅವಳು ಬಾಯಿ ತೆರೆದು ನಿಂತೇ ಇದ್ದಳು. ತೀರಿದ್ದಕ್ಕೆ ಏನನ್ನಬೇಕು ಅಂತ ಆಯಿ ನೂರು ಸಲ ಹೇಳಿದ್ದಳು. ಅಕ್ಕಿ ಖರೇನೇ ಮಿಕ್ಕರೆ ಏನನ್ನಬೇಕು ಅಂತ ಹೇಳಿಕೊಟ್ಟಿರಲಿಲ್ಲ.